ಆಸ್ತಿ ಪಾಲು, ಉಯಿಲು, ಪೌತಿ ಖಾತೆ: ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಿನ ವಿಚಾರವಾಗಿ ವಕೀಲರ ಕಚೇರಿಗೆ ಬರುವವರು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬರುತ್ತಾರೆ. ಅದರೊಳಗೆ ನಾಲ್ಕಾರು ಪಹಣಿಗಳು, ಕಂದಾಯ ಕಟ್ಟಿದ ರಸೀದಿ, ತಂದೆಯವರ ಮರಣ ಪ್ರಮಾಣಪತ್ರದ ಜೆರಾಕ್ಸ್, ಅಪರೂಪಕ್ಕೆ ಮಡಿಕೆಗಳಲ್ಲಿ ಹರಿದುಹೋದ ಒಂದು ಹಳೆಯ ಪಾಲುಪಟ್ಟಿ ಇರುತ್ತವೆ. ಆ ಕವರಿನಲ್ಲಿ ಇರಬೇಕಾಗಿದ್ದು ಇಲ್ಲದಿರುವ ಕಾಗದವೇ ಬಹಳಷ್ಟು ಸಲ ಜಗಳದ ಮೂಲ. ಹಿರಿಯರು ಬದುಕಿದ್ದಾಗ ಹತ್ತು ಜನರ ಮುಂದೆ ಆಡಿದ ಮಾತು ಬರಹಕ್ಕೆ ಇಳಿದಿರುವುದಿಲ್ಲ, ಇಳಿದಿದ್ದರೂ ನೋಂದಣಿಯಾಗಿರುವುದಿಲ್ಲ. ಕೆಳಗಿನ ಉತ್ತರಗಳು ಕರ್ನಾಟಕದಲ್ಲಿರುವ ಆಸ್ತಿಗೆ, ಮುಖ್ಯವಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳಿಗೆ ಸಂಬಂಧಿಸಿವೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಿದೆ.

ತಾತ ಮಾಡಿದ ಆಸ್ತಿಯೆಲ್ಲ ಪಿತ್ರಾರ್ಜಿತವೇ? ಮೊಮ್ಮಗನಾದ ನನಗೆ ಅದರಲ್ಲಿ ಹುಟ್ಟಿನಿಂದಲೇ ಪಾಲಿದೆಯೇ?

ಇಲ್ಲ. ಕಚೇರಿಗೆ ಬರುವ ಹತ್ತರಲ್ಲಿ ಆರೇಳು ಮಂದಿ ಎಡವುವುದು ಇಲ್ಲಿಯೇ ಎಂದರೆ ಅತಿಶಯೋಕ್ತಿಯಾಗದು. ತಾತ ತನ್ನ ಸ್ವಂತ ದುಡಿಮೆಯಿಂದ ಕೊಂಡ ಜಮೀನು ಅವರ ಸ್ವಯಾರ್ಜಿತ. ಅವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ನಂತರ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಆ ಜಮೀನು ಕಾಯ್ದೆಯ 8ನೇ ಕಲಮಿನಂತೆ ಅವರ ಮಕ್ಕಳಿಗೂ ಹೆಂಡತಿಗೂ ತಾಯಿಗೂ ಹೋಗುತ್ತದೆ ಮತ್ತು ಹಾಗೆ ಬಂದದ್ದು ನಿಮ್ಮ ತಂದೆಯ ಕೈಯಲ್ಲಿ ಅವರ ಸ್ವಂತ ಆಸ್ತಿಯಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 1986ರ ಚಂದರ್ ಸೇನ್ ಪ್ರಕರಣದಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ತಂದೆ ಬದುಕಿರುವಾಗ ಮೊಮ್ಮಗ ಅದರಲ್ಲಿ ಪಾಲು ಕೇಳಿ ದಾವೆ ಹೂಡಿದರೆ ಅದು ನಿಲ್ಲುವುದಿಲ್ಲ.

ಹುಟ್ಟಿನಿಂದ ಹಕ್ಕು ಬರುವುದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಾತ್ರ. ತಲೆಮಾರುಗಳಿಂದ ಒಟ್ಟಾಗಿ ಬಂದ ಜಮೀನು, ಅದರ ಆದಾಯದಿಂದಲೇ ಕುಟುಂಬದ ಯಜಮಾನರು ಕೊಂಡ ಜಮೀನು, ಒಬ್ಬ ಸದಸ್ಯ ತನ್ನ ಸ್ವಂತದ್ದನ್ನು ಬೇಕೆಂದೇ ಒಟ್ಟು ಕುಟುಂಬಕ್ಕೆ ಸೇರಿಸಿಬಿಟ್ಟದ್ದು, ಇವು ಈ ಗುಂಪಿಗೆ ಬರುತ್ತವೆ. ಆದ್ದರಿಂದ ದಾವೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಜಮೀನು ಯಾರ ಹೆಸರಿನಲ್ಲಿದೆ ಎಂಬುದಲ್ಲ, ಯಾವ ಹಣದಿಂದ, ಯಾವ ವರ್ಷ, ಯಾವ ಕಾಗದದ ಮೂಲಕ ಬಂತು ಎಂಬುದು. ಅದಕ್ಕೆ ಉತ್ತರ ಪಹಣಿಯಲ್ಲಿ ಇರುವುದಿಲ್ಲ. ಮೂಲ ಕ್ರಯಪತ್ರದಲ್ಲಿ ಅಥವಾ ಹಳೆಯ ವಿಭಾಗಪತ್ರದಲ್ಲಿ ಹುಡುಕಬೇಕು.

ಉಯಿಲು ಬರೆಯದೆ ತೀರಿಕೊಂಡರೆ ಯಾರಿಗೆ ಎಷ್ಟು ಬರುತ್ತದೆ?

ಹಿಂದೂ ಪುರುಷನ ಸ್ವಂತ ಆಸ್ತಿಗೆ ಮೊದಲ ವರ್ಗದ ವಾರಸುದಾರರೆಂದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ಇವರೆಲ್ಲರಿಗೂ ಸಮಪಾಲು. ಮಗನೋ ಮಗಳೋ ಮೊದಲೇ ತೀರಿಕೊಂಡಿದ್ದರೆ ಅವರ ಒಂದು ಪಾಲು ಅವರ ಸಂಸಾರಕ್ಕೆ ಹೋಗುತ್ತದೆ. ಜನರು ಮರೆಯುವುದು ತಾಯಿಯನ್ನು. ಬೆಂಗಳೂರಿನಲ್ಲಿ ಫ್ಲಾಟು ಕೊಂಡ ಯುವಕನೊಬ್ಬ ಅಪಘಾತದಲ್ಲಿ ತೀರಿಕೊಂಡು, ಹೆಂಡತಿ, ಒಂದು ಮಗು, ಊರಿನಲ್ಲಿ ತಂದೆತಾಯಿ ಇದ್ದಾರೆ ಎಂದುಕೊಳ್ಳಿ. ಹೆಂಡತಿಗೆ, ಮಗುವಿಗೆ, ತಾಯಿಗೆ ತಲಾ ಮೂರನೆಯ ಒಂದು ಪಾಲು. ತಂದೆಗೆ ಏನೂ ಇಲ್ಲ, ಏಕೆಂದರೆ ತಂದೆ ಎರಡನೆಯ ವರ್ಗದವರು. ಅತ್ತೆ ಸೊಸೆ ಇಬ್ಬರೂ ತಮ್ಮದೇ ಪೂರ್ತಿ ಹಕ್ಕು ಎಂದು ನಂಬಿಕೊಂಡಿರುವ ಇಂಥ ಮನೆಗಳಲ್ಲಿ ಹದಿಮೂರನೆಯ ದಿನ ಕಳೆಯುವ ಮೊದಲೇ ಮಾತು ನಿಂತುಹೋಗಿರುತ್ತದೆ.

ಹಿಂದೂ ಮಹಿಳೆಯ ಆಸ್ತಿಗೆ ಲೆಕ್ಕ ಬೇರೆ. ಮೊದಲು ಗಂಡ ಮತ್ತು ಮಕ್ಕಳು. ಅವರಾರೂ ಇಲ್ಲದಿದ್ದರೆ ಗಂಡನ ವಾರಸುದಾರರು. ಆಮೇಲೆ ಅವಳ ತಂದೆತಾಯಿ. ಮಕ್ಕಳಿಲ್ಲದ ವಿಧವೆ ತನ್ನ ಸಂಬಳದಿಂದಲೇ ಕೊಂಡ ಮನೆ ಹೆತ್ತ ತಾಯಿಯನ್ನು ದಾಟಿ ಮೈದುನನ ಮನೆಗೆ ಹೋಗಬಹುದು ಎಂದರೆ ಕೇಳಿದವರು ನಂಬುವುದಿಲ್ಲ, ಆದರೆ 15ನೇ ಕಲಮು ಹೇಳುವುದು ಅದನ್ನೇ. ತಂದೆತಾಯಿಯಿಂದ ವಾರಸುದಾರಿಕೆಯಲ್ಲಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದಾಗ, ತಂದೆಯ ವಾರಸುದಾರರಿಗೆ ಮರಳುತ್ತದೆ. ದುಡಿಯುವ ಪ್ರತಿಯೊಬ್ಬ ಮಹಿಳೆಯೂ ಉಯಿಲು ಬರೆದಿಡಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಈ ಒಂದು ಕಲಮು ಸಾಕು.

ಮದುವೆಯಾದ ಹೆಣ್ಣುಮಕ್ಕಳಿಗೂ ಸಮಪಾಲು ಇದೆಯೇ? ಮದುವೆಯಲ್ಲಿ ಒಡವೆ ಕೊಟ್ಟು ಖರ್ಚು ಮಾಡಿದ್ದೇವಲ್ಲ?

ಇದೆ. ಹಳೆಯ ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದು, ವಿಭಾಗವಾಗುವಾಗ ತಾಯಿ, ವಿಧವೆ ಮತ್ತು ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕ ತಿದ್ದುಪಡಿ ಹೆಣ್ಣುಮಕ್ಕಳನ್ನು ಸಹದಾಯಾದರೆಂದು, ಅಂದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಳ್ಳವರೆಂದು, ಒಪ್ಪಿಕೊಂಡಿತಾದರೂ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. ತಂದೆ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪು ನಿವಾರಿಸಿತು: ಮಗಳ ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಆಗ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ನಡೆದ ವಿಭಾಗ, ಮಾರಾಟ, ಉಯಿಲುಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಮದುವೆಯ ಖರ್ಚು, ಒಡವೆ, ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟ ಹತ್ತು ಗುಂಟೆ ಇವಾವುವೂ ತಾವಾಗಿಯೇ ಪಾಲಿನ ಹಕ್ಕನ್ನು ಕಳೆಯುವುದಿಲ್ಲ. ಪಾಲಿಗೆ ಬದಲಾಗಿಯೇ ಕೊಟ್ಟದ್ದು ಎಂದು ನೋಂದಾಯಿತ ಕಾಗದದಲ್ಲಿ ಬರೆದು, ಮಗಳು ತಿಳಿದು ಸಹಿ ಮಾಡಿದ್ದರೆ ಆ ಮಾತು ಬೇರೆ. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಹಾಗೆ ಹೇಳುತ್ತಿದ್ದ 23ನೇ ಕಲಮನ್ನು 2005ರಲ್ಲೇ ತೆಗೆದುಹಾಕಲಾಗಿದೆ.

ಪೌತಿ ಖಾತೆಗೆ ಬೇಕೆಂದು ಅಣ್ಣ ನನ್ನಿಂದ ಸಹಿ ಹಾಕಿಸಿಕೊಂಡಿದ್ದಾನೆ. ನನ್ನ ಪಾಲು ಹೋಯಿತೇ?

ಪೌತಿ ಖಾತೆಯೆಂದರೆ ತೀರಿಕೊಂಡವರ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು. ನಿಮ್ಮ ಪಾಲಿನ ಪ್ರಶ್ನೆ ಸಹಿ ಹಾಕಿದ ಕಾಗದ ಯಾವುದು ಎಂಬುದರ ಮೇಲೆ ನಿಂತಿದೆ. ನಾಡಕಚೇರಿಯಲ್ಲಿ ಕೊಟ್ಟ ವಂಶವೃಕ್ಷ, ಖಾತೆ ಅಣ್ಣನ ಹೆಸರಿಗೆ ಆಗಲಿ ಎಂಬ ಒಪ್ಪಿಗೆ ಹೇಳಿಕೆ, ಇವುಗಳಿಂದ ಸ್ಥಿರಾಸ್ತಿಯ ಹಕ್ಕು ವರ್ಗಾವಣೆಯಾಗುವುದಿಲ್ಲ. ಆದರೆ ಉಪನೋಂದಣಿ ಕಚೇರಿಗೆ ಹೋಗಿ, ಬೆರಳಚ್ಚು ಕೊಟ್ಟು, ಫೋಟೋ ತೆಗೆಸಿಕೊಂಡು ಬಂದಿದ್ದರೆ ಅದು ಹಕ್ಕು ಬಿಡುಗಡೆ ಪತ್ರವೇ ಆಗಿರುವ ಸಾಧ್ಯತೆ ಹೆಚ್ಚು. ಅದರ ದೃಢೀಕೃತ ನಕಲನ್ನು ಮೊದಲು ತೆಗೆಸಿ ಓದಿ. ಮೋಸದಿಂದ ಬರೆಸಿಕೊಂಡದ್ದಾದರೆ ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹೂಡಬೇಕು. ಹಬ್ಬಕ್ಕೆ ತವರಿಗೆ ಹೋದಾಗ ಮಾತಾಡೋಣ ಎಂದು ಮುಂದೂಡುತ್ತ ಆ ಮೂರು ವರ್ಷವನ್ನು ಕಳೆದುಕೊಂಡವರನ್ನು ನೋಡಿದ್ದೇನೆ.

ಖಾತೆ, ಪಹಣಿ ಎಲ್ಲವೂ ದೊಡ್ಡಪ್ಪನ ಹೆಸರಿನಲ್ಲಿದೆ. ಡಿಕ್ಲರೇಷನ್‌ನಲ್ಲಿ ಬಂದ ಜಮೀನು ಅವರೊಬ್ಬರದ್ದೇ?

ಖಾತೆ ಕಂದಾಯ ವಸೂಲಿಗೆ ಇರುವ ದಾಖಲೆ. ಅದು ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದು ನ್ಯಾಯಾಲಯಗಳು ಎಷ್ಟು ಸಲ ಹೇಳಿದರೂ ಹಳ್ಳಿಗಳಲ್ಲಿ ‘ಖಾತೆ ಯಾರದೋ ಜಮೀನು ಅವರದು’ ಎಂಬ ನಂಬಿಕೆ ಅಲುಗಾಡಿಲ್ಲ.

ಡಿಕ್ಲರೇಷನ್ ಜಮೀನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುತ್ತಿದ್ದ ಜಮೀನಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡರು. ಜನರು ಡಿಕ್ಲರೇಷನ್ ಎನ್ನುವುದು ಇದನ್ನೇ. ಒಟ್ಟು ಕುಟುಂಬಗಳಲ್ಲಿ ಅರ್ಜಿಗೆ ಸಹಿ ಹಾಕಿದವರು ಸಾಮಾನ್ಯವಾಗಿ ಹಿರಿಯಣ್ಣ, ಇಲ್ಲವೇ ಮನೆಯಲ್ಲಿ ಓದುಬರಹ ಬಲ್ಲವರು. ಭೂ ನ್ಯಾಯಮಂಡಳಿ ಅಧಿಭೋಗದ ಹಕ್ಕನ್ನು, ಅಂದರೆ ಉಳುವವರಿಗೆ ಸಿಗುವ ಜಮೀನಿನ ಹಕ್ಕನ್ನು, ಅವರ ಹೆಸರಿಗೇ ಕೊಟ್ಟಿತು. ಮುಂದಿನ ತಲೆಮಾರು ಬಂದಾಗ ಆ ಒಂದು ಹೆಸರೇ ಜಗಳದ ಬೀಜವಾಯಿತು. ಗೇಣಿ ಇಡೀ ಕುಟುಂಬದ್ದಾಗಿದ್ದು, ಯಜಮಾನರು ಕುಟುಂಬದ ಪರವಾಗಿ ಅರ್ಜಿ ಹಾಕಿದ್ದರೆ ಆ ಹಕ್ಕು ಇಡೀ ಕುಟುಂಬಕ್ಕೆ ಸೇರುತ್ತದೆ. ಅದನ್ನು ರುಜುವಾತುಪಡಿಸಲು ತಾಲ್ಲೂಕು ಕಚೇರಿಯಿಂದ ನಮೂನೆ 7ರ ನಕಲು, ಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳು, 1974ಕ್ಕೂ ಹಿಂದಿನ ಪಹಣಿಯ ಗೇಣಿದಾರರ ಕಾಲಂ, ಗೇಣಿಚೀಟಿ ಇವುಗಳನ್ನು ಹುಡುಕಬೇಕು. ‘ನಾನು ಮತ್ತು ನನ್ನ ತಮ್ಮಂದಿರು ಉಳುತ್ತಿದ್ದೇವೆ’ ಎಂದು ಮಂಡಳಿಯ ಮುಂದೆ ಆಡಿದ ಒಂದು ವಾಕ್ಯ ಐವತ್ತು ವರ್ಷಗಳ ನಂತರ ಮೊಮ್ಮಕ್ಕಳ ಪಾಲನ್ನು ಉಳಿಸಬಲ್ಲದು. ಇಂಥ ಜಮೀನನ್ನು ಕುಟುಂಬದ ಹೊರಗಿನವರಿಗೆ ಉಯಿಲು ಬರೆಯುವುದಕ್ಕೂ ಭೂಸುಧಾರಣಾ ಕಾಯ್ದೆಯ ತಡೆಗಳಿವೆ.

ಊರ ಹಿರಿಯರ ಮುಂದೆ ಬರೆದ ಪಾಲುಪಟ್ಟಿಗೆ ಬೆಲೆ ಇದೆಯೇ?

ಗೆರೆ ಹಾಕಿದ ಬಿಳಿ ಹಾಳೆ, ಮೇಲೆ ಒಂದು ‘ಶ್ರೀ’, ನೀಲಿ ಶಾಯಿಯಲ್ಲಿ ಎ, ಬಿ, ಸಿ ಷೆಡ್ಯೂಲು, ಕೆಳಗೆ ಹೆಬ್ಬೆಟ್ಟುಗಳು, ಪಂಚರ ಸಹಿಗಳು, ‘ಬಾವಿಯ ನೀರಿಗೆ ಮೂವರಿಗೂ ಸರದಿ’ ಎಂಬ ಕೊನೆಯ ಸಾಲು. ಇಂಥ ಕಾಗದಗಳನ್ನು ಬರೆದವರು ಪ್ರಾಮಾಣಿಕರೇ. ಆದರೆ ಆ ಕಾಗದವೇ ಪಾಲು ಮಾಡುವಂತಿದ್ದರೆ ಅದು ನೋಂದಣಿಯಾಗಲೇಬೇಕು. ಆಗದಿದ್ದರೆ ಯಾವ ಪಾಲು ಯಾರದು ಎಂಬುದನ್ನು ರುಜುವಾತುಪಡಿಸಲು ಅದನ್ನು ಬಳಸುವಂತಿಲ್ಲ. ಮುದ್ರಾಂಕ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ, ಕುಟುಂಬ ಬೇರೆಯಾಗಿತ್ತು ಎಂಬಂಥ ಆನುಷಂಗಿಕ ಸಂಗತಿಗೆ ಮಾತ್ರ ನ್ಯಾಯಾಲಯ ಅದನ್ನು ನೋಡಬಹುದು. ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿ, ಆಮೇಲೆ ಜ್ಞಾಪಕಕ್ಕೆಂದು ಬರೆದಿಟ್ಟದ್ದಾದರೆ ನೋಂದಣಿ ಬೇಕಿಲ್ಲ. ಆದರೆ ಹೆಣ್ಣುಮಕ್ಕಳ ಹಕ್ಕಿಗೆ ಎದುರಾಗಿ ಬಾಯಿಮಾತಿನ ವಿಭಾಗವನ್ನು ಮುಂದಿಡುವವರು ಅದನ್ನು ಸಾರ್ವಜನಿಕ ದಾಖಲೆಗಳಿಂದ ತೋರಿಸಬೇಕು ಎಂದು ವಿನೀತಾ ಶರ್ಮಾ ತೀರ್ಪು ಹೇಳಿದೆ.

ಈಗ ಪಾಲು ಮಾಡಿಕೊಳ್ಳುವವರು ಮೊದಲು ಸರ್ವೆಯಿಂದ 11ಇ ನಕ್ಷೆ (ಜಮೀನು ಭಾಗವಾಗುವ ಮುನ್ನ ಮಾಡುವ ಅಳತೆಯ ನಕ್ಷೆ) ಮಾಡಿಸಿ, ವಿಭಾಗಪತ್ರವನ್ನು ನೋಂದಾಯಿಸಿ, ಖಾತೆ ಬದಲಾವಣೆ ಮತ್ತು ಪೋಡಿ (ಪ್ರತಿ ಪಾಲನ್ನು ಸರ್ವೆ ದಾಖಲೆಯಲ್ಲಿ ಬೇರೆಯಾಗಿಸುವುದು) ಮಾಡಿಸಿಕೊಂಡರೆ ಕೆಲಸ ಮುಗಿಯುತ್ತದೆ. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ಭಾರವಲ್ಲ. ಖರ್ಚು ಉಳಿಸಲು ಹೋಗಿ ಬಿಳಿ ಹಾಳೆಯಲ್ಲಿ ನಿಲ್ಲಿಸಿದವರು ಆಮೇಲೆ ಕಟ್ಟುವ ದಂಡ ಹೆಚ್ಚು.

ಉಯಿಲನ್ನು ಛಾಪಾ ಕಾಗದದಲ್ಲೇ ಬರೆಯಬೇಕೇ? ನೋಂದಣಿ ಕಡ್ಡಾಯವೇ?

ಎರಡೂ ಕಡ್ಡಾಯವಲ್ಲ. ಬಿಳಿ ಹಾಳೆ ಸಾಕು, ಕನ್ನಡದಲ್ಲಿ ಕೈಬರಹದಲ್ಲೇ ಬರೆಯಬಹುದು. ಕಡ್ಡಾಯವಾದದ್ದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಹೇಳುವ ಕ್ರಮ: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಂಡು, ಅಥವಾ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದ ಕೇಳಿ, ಅವರ ಎದುರಿನಲ್ಲೇ ತಾವೂ ಸಹಿ ಮಾಡಬೇಕು. ಸಾಕ್ಷಿಗಳು ಒಳಗಿನ ವಿವರವನ್ನು ಓದಬೇಕಾಗಿಲ್ಲ. ಎಪ್ಪತ್ತೈದರ ಹಿರಿಯರು ತಮ್ಮ ಸಮವಯಸ್ಕ ಗೆಳೆಯರಿಬ್ಬರನ್ನು ಸಾಕ್ಷಿ ಹಾಕಿಸುವುದು ರೂಢಿ. ಆದರೆ ಉಯಿಲು ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಮೂವರೂ ಇಲ್ಲದಿರುವ ಸಂಭವವೇ ಹೆಚ್ಚಾದ್ದರಿಂದ ಕಿರಿಯರನ್ನು, ಅದರಲ್ಲೂ ಉಯಿಲಿನಿಂದ ಏನೂ ಪಡೆಯದವರನ್ನು ಆರಿಸುವುದು ಜಾಣತನ.

ನೋಂದಣಿ ಐಚ್ಛಿಕವಾದರೂ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕನಿಷ್ಠ ಪಕ್ಷ ಕಾಗದ ಕಳೆದುಹೋಗುವುದಿಲ್ಲ. ಮನೆಯವರಿಗೆ ಈಗಲೇ ತಿಳಿಯಬಾರದು ಎನ್ನುವವರು ಉಯಿಲನ್ನು ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಬಹುದು. ಈ ಸೌಲಭ್ಯ 1908ರ ನೋಂದಣಿ ಕಾಯ್ದೆಯಿಂದಲೂ ಇದೆ, ಬಳಸುವವರು ಬಹಳ ಕಡಿಮೆ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ.

ನೋಂದಣಿಯಾದ ಉಯಿಲನ್ನು ಪ್ರಶ್ನಿಸಲು ಬರುವುದಿಲ್ಲವೇ?

ಬರುತ್ತದೆ. ಉಯಿಲಿನ ರುಜುವಾತಿನ ಬಗ್ಗೆ ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಉದ್ಧರಿಸುವ ತೀರ್ಪು ನಮ್ಮ ಮೈಸೂರಿನಿಂದಲೇ ಹೋದ ಮೇಲ್ಮನವಿಯದು: 1958ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣ. ಉಯಿಲನ್ನು ಮುಂದಿಡುವವರೇ ಅದರ ತಯಾರಿಯಲ್ಲಿ ಮುಂದೆ ನಿಂತಿದ್ದು, ಅದರಿಂದ ದೊಡ್ಡ ಲಾಭವನ್ನೂ ಪಡೆಯುವುದಾದರೆ, ಅದೇ ಒಂದು ಅನುಮಾನಾಸ್ಪದ ಸಂದರ್ಭ. ಅಂಥ ಅನುಮಾನಗಳನ್ನು ನಿವಾರಿಸುವ ಹೊಣೆ ಅವರ ಮೇಲೆಯೇ ಇರುತ್ತದೆ. ಸಹಿಯ ನಡುಕ, ಹೆಂಡತಿ ಮಕ್ಕಳನ್ನು ಕಾರಣ ಹೇಳದೆ ಕೈಬಿಟ್ಟಿರುವುದು, ಬರೆದವರು ಆಗ ಆಸ್ಪತ್ರೆಯಲ್ಲಿದ್ದದ್ದು, ಉಯಿಲು ವರ್ಷಗಟ್ಟಲೆ ಹೊರಬಾರದೆ ಇದ್ದದ್ದು, ಇವೆಲ್ಲವನ್ನೂ ನ್ಯಾಯಾಲಯ ಒಟ್ಟಿಗೆ ತೂಗುತ್ತದೆ. ನೋಂದಣಿ ಮಾತ್ರದಿಂದ ಈ ಅನುಮಾನಗಳು ಕರಗುವುದಿಲ್ಲ.

ಸಾಕ್ಷಿಕಟ್ಟೆಯಲ್ಲಿ ನಡೆಯುವುದನ್ನು ಒಮ್ಮೆ ನೋಡಿದರೆ ಇದರ ತೂಕ ತಿಳಿಯುತ್ತದೆ. ಬದುಕಿದ್ದು ಕರೆತರಲು ಸಾಧ್ಯವಿರುವ ಒಬ್ಬ ಸಾಕ್ಷಿಯನ್ನಾದರೂ ವಿಚಾರಣೆಗೆ ಒಳಪಡಿಸಲೇಬೇಕು. ಎದುರು ಪಕ್ಷದ ವಕೀಲರು ಕೇಳುತ್ತಾರೆ: ಮೊದಲು ಸಹಿ ಮಾಡಿದವರು ಯಾರು? ಯಾವ ಬಣ್ಣದ ಪೆನ್ನು? ಅವರು ಮಂಚದ ಮೇಲಿದ್ದರೇ, ಕುರ್ಚಿಯಲ್ಲೇ? ನೀವು ಹೋದಾಗ ಕಾಗದ ಬರೆದು ಮುಗಿದಿತ್ತೇ? ‘ನಾನು ಹೋಗುವಷ್ಟರಲ್ಲಿ ಅವರು ಸಹಿ ಮಾಡಿ ಇಟ್ಟಿದ್ದರು, ನನಗೆ ತೋರಿಸಿದ್ದು ದೊಡ್ಡ ಮಗ’ ಎಂದು ಸಾಕ್ಷಿ ನಿಷ್ಕಪಟವಾಗಿ ಹೇಳಿದರೆ ಉಯಿಲು ಅಲ್ಲಿಗೇ ಕುಸಿಯಬಹುದು. ಆದ್ದರಿಂದ ಉಯಿಲಿನಲ್ಲಿ ಹೆಚ್ಚು ಪಡೆಯುವ ಮಗ ಅಥವಾ ಮಗಳು ಬರೆಸುವ ದಿನ ಆ ಕೋಣೆಯಲ್ಲಿ ಇರದಿರುವುದೇ ಲೇಸು. ಯಾರಿಗೆ ಕಡಿಮೆ ಕೊಡಲಾಗಿದೆಯೋ ಅವರಿಗೆ ಏಕೆ ಕಡಿಮೆ ಎಂದು ಎರಡು ಸಾಲು ಬರೆಯಬೇಕು. ವೈದ್ಯರ ಪ್ರಮಾಣಪತ್ರ, ವಿಡಿಯೋ ಇವು ಬೆಂಬಲಕ್ಕೆ ಬರುತ್ತವೆ, ಸಾಕ್ಷಿಗಳ ಜಾಗವನ್ನು ತುಂಬುವುದಿಲ್ಲ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ಸರಿಯಾದದ್ದೆಂದು ನ್ಯಾಯಾಲಯ ಕೊಡುವ ದೃಢೀಕರಣ, ಕಡ್ಡಾಯವಲ್ಲ.

ತಂದೆ ಎಲ್ಲವನ್ನೂ ಒಬ್ಬನೇ ಮಗನಿಗೆ ಬರೆದುಕೊಡಬಹುದೇ?

ಸ್ವಯಾರ್ಜಿತವಾದರೆ ಬರೆದುಕೊಡಬಹುದು, ಅದು ನ್ಯಾಯವೋ ಅಲ್ಲವೋ ಎಂದು ನ್ಯಾಯಾಲಯ ಕೇಳುವುದಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಾದರೆ ಉಯಿಲು ಅವರ ಪಾಲಿಗೆ ಮಾತ್ರ ಅನ್ವಯಿಸುತ್ತದೆ. ದಾನಪತ್ರಕ್ಕೆ ಕಟ್ಟು ಇನ್ನೂ ಬಿಗಿ: ಪ್ರೀತಿ ವಿಶ್ವಾಸದಿಂದ ಕೊಟ್ಟೆ ಎಂಬ ಕಾರಣಕ್ಕೆ ಯಜಮಾನರು ಒಟ್ಟು ಕುಟುಂಬದ ಆಸ್ತಿಯನ್ನು ದಾನ ಮಾಡುವಂತಿಲ್ಲ, ಧಾರ್ಮಿಕ ಅಥವಾ ಪುಣ್ಯಕಾರ್ಯದ ಉದ್ದೇಶವಿರಬೇಕು ಎಂದು ಕರ್ನಾಟಕದಿಂದಲೇ ಹೋದ ಕೆ.ಸಿ. ಲಕ್ಷ್ಮಣ ಪ್ರಕರಣದಲ್ಲಿ 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟೆವು. ಈಗ ನೋಡಿಕೊಳ್ಳುತ್ತಿಲ್ಲ. ವಾಪಸು ಪಡೆಯಬಹುದೇ?

ಉಯಿಲಿಗೂ ದಾನಪತ್ರಕ್ಕೂ ಇರುವ ಅಂತರ ಬಹಳ ಜನರಿಗೆ ಮನದಟ್ಟಾಗುವುದು ಈ ಹಂತದಲ್ಲಿಯೇ. ದಾನ ನೋಂದಣಿಯಾದ ದಿನವೇ ಒಡೆತನ ಹೋಗುತ್ತದೆ, ಕೊಟ್ಟವರು ತಾವಾಗಿಯೇ ರದ್ದು ಮಾಡಲಾಗದು. ಆದರೆ 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು ಅದು ಪಾಲನೆಯಾಗದಿದ್ದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಷರತ್ತು ಇತ್ತು ಎಂಬುದನ್ನು ತೋರಿಸಬೇಕಾಗುತ್ತದೆ ಎಂದು 2022ರ ಡಿಸೆಂಬರಿನ ಒಂದು ತೀರ್ಪು ಹೇಳಿದರೆ, 2025ರ ಜನವರಿ 2ರ ಊರ್ಮಿಳಾ ದೀಕ್ಷಿತ್ ತೀರ್ಪು ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಕೂಲವಾಗಿ ಅರ್ಥೈಸಬೇಕೆಂದು ಹೇಳಿದೆ. ಜಗಳಕ್ಕೆ ಎಡೆಯಿಲ್ಲದಂತೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ, ತಾವು ಬದುಕಿರುವವರೆಗೆ ವಾಸಿಸುವ ಮತ್ತು ಬಾಡಿಗೆ ಪಡೆಯುವ ಹಕ್ಕನ್ನು ಉಳಿಸಿಕೊಳ್ಳಿ. ಮಗನ ಮುಂದೆ ಅಂಥ ಷರತ್ತು ಬರೆಸಲು ಸಂಕೋಚವಾಗುತ್ತದೆ ಎನ್ನುವವರಿಗೆ ನಾನು ದಾನಪತ್ರವನ್ನೇ ಬೇಡವೆನ್ನುತ್ತೇನೆ, ಉಯಿಲು ಸಾಕು.

ಬ್ಯಾಂಕಿನಲ್ಲಿ ನಾಮಿನಿ ನಾನೇ. ಹಣವೆಲ್ಲ ನನ್ನದಲ್ಲವೇ?

ಅಲ್ಲ. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ. ನಾಮಿನಿ ಅದನ್ನು ವಾರಸುದಾರರ ಪರವಾಗಿ ಹಿಡಿದಿರುತ್ತಾರೆ. ಷೇರುಗಳಿಗೂ ಇದೇ ನಿಯಮವೆಂದು 2023ರ ಡಿಸೆಂಬರ್ 14ರ ಶಕ್ತಿ ಯೆಜ್ದಾನಿ ತೀರ್ಪು ಹೇಳಿದೆ. ವಿಮೆಯಲ್ಲಿ 2015ರ ತಿದ್ದುಪಡಿ ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಯಾದರೆ ಅವರನ್ನೇ ಫಲಾನುಭವಿಗಳೆಂದು ಕರೆದಿದ್ದರೂ, ಅದರಿಂದ ಉಳಿದ ವಾರಸುದಾರರ ಹಕ್ಕು ಹೋಗುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ತೀರ್ಮಾನಿಸಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿಯೇ ಇಲ್ಲದ ಠೇವಣಿಗೆ, ವಾದವಿದ್ದರೆ, ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ. ಆ ಪ್ರಮಾಣಪತ್ರ ಜಮೀನು ಮನೆಗಳಿಗೆ ನಡೆಯುವುದಿಲ್ಲ.

ಎರಡನೆಯ ಮದುವೆ, ಮಲಮಕ್ಕಳು, ಮದುವೆಯಾಗದ ಸಂಗಾತಿ: ಇವರ ಸ್ಥಾನವೇನು?

ಕಾನೂನಿನ ಪಟ್ಟಿ ಇಂದಿನ ಮನೆಗಳ ಚಿತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನವಾಗದೆ ನಡೆದ ಎರಡನೆಯ ಮದುವೆ ಅಸಿಂಧು. ಆ ಹೆಂಡತಿ ವಾರಸುದಾರಳಲ್ಲ. ಆದರೆ ಮಕ್ಕಳು ತಂದೆತಾಯಿಯ ಆಸ್ತಿಗೆ ಹಕ್ಕುದಾರರು. ತಂದೆ ತೀರಿಕೊಳ್ಳುವ ಮುನ್ನವೇ ಪಾಲಾಗಿತ್ತೆಂದು ಭಾವಿಸುವ ಕಲ್ಪಿತ ವಿಭಾಗದಲ್ಲಿ ತಂದೆಯ ಪಾಲಿಗೆ ಬರುವಷ್ಟು ಒಟ್ಟು ಕುಟುಂಬದ ಆಸ್ತಿಯಲ್ಲೂ ಅವರಿಗೆ ಪಾಲಿದೆ ಎಂದು, ಕರ್ನಾಟಕದ್ದೇ ಆದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ತೀರ್ಪಾಗಿದೆ. ಇತರ ದಾಯಾದಿಗಳ ಪಾಲಿಗೆ ಅವರು ಕೈಹಾಕುವಂತಿಲ್ಲ.

ಮಲಮಗ ಅಥವಾ ಮಲಮಗಳನ್ನು ಎಷ್ಟೇ ಮುದ್ದಿನಿಂದ ಬೆಳೆಸಿದ್ದರೂ, ದತ್ತು ಪಡೆಯದಿದ್ದರೆ, ಅವರು ಮಲತಂದೆಗೆ ಮೊದಲ ವರ್ಗದ ವಾರಸುದಾರರಲ್ಲ. ಮದುವೆಯಾಗದೆ ಜೊತೆಗೆ ಬಾಳಿದ ಸಂಗಾತಿ, ಸಲಿಂಗಿ ಸಂಗಾತಿ ಇವರ ಹೆಸರು ಪಟ್ಟಿಯಲ್ಲೇ ಇಲ್ಲ. ಇವರೆಲ್ಲರಿಗೂ ದಾರಿ ಒಂದೇ, ಉಯಿಲು. ವಿಶೇಷ ವಿವಾಹ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾದರೆ ಉತ್ತರಾಧಿಕಾರಕ್ಕೆ 1925ರ ಕಾಯ್ದೆ ಅನ್ವಯಿಸುತ್ತದೆ. ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆಯಾಗಿದ್ದರೆ ಹಿಂದೂ ಕಾಯ್ದೆಯೇ.

ಬೌದ್ಧಿಕ ಅಂಗವೈಕಲ್ಯವಿರುವ ಮಗು ಇರುವ ಮನೆಗಳಲ್ಲಿ ಉಯಿಲೊಂದೇ ಸಾಲದು, ಏಕೆಂದರೆ ಆಸ್ತಿ ಹೆಸರಿಗೆ ಬಂದರೂ ಅದನ್ನು ನಿರ್ವಹಿಸುವವರು ಬೇಕು. 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಿ, ಇಬ್ಬರು ಮೂವರು ಟ್ರಸ್ಟಿಗಳನ್ನು ಹೆಸರಿಸಿ, ತಿಂಗಳ ಖರ್ಚು ಹೇಗೆ ನಡೆಯಬೇಕೆಂದು ಬರೆದಿಡಬಹುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕರ ನೇಮಕವನ್ನೂ ಮಾಡಿಸಿಕೊಳ್ಳಬಹುದು.

ಮಕ್ಕಳು ವಿದೇಶದಲ್ಲಿದ್ದಾರೆ. ಏನನ್ನು ಗಮನಿಸಬೇಕು?

ವಿದೇಶದಲ್ಲಿರುವವರು ಊರಿನ ಕೃಷಿ ಜಮೀನನ್ನು ಕೊಳ್ಳಲಾಗದಿದ್ದರೂ ವಾರಸುದಾರಿಕೆಯಲ್ಲಿ ಪಡೆಯಬಹುದು. ಪಾಲುಪತ್ರಕ್ಕೆ ಬರಲಾಗದವರು ಅಧಿಕಾರ ಪತ್ರ ಕಳಿಸುತ್ತಾರೆ. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊಟ್ಟವರು ತೀರಿಕೊಂಡ ಕ್ಷಣ ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಸತ್ತುಹೋಗುತ್ತದೆ. ತಂದೆ ಕೊಟ್ಟಿದ್ದ ಜಿಪಿಎ ಹಿಡಿದು ಅವರ ತಿಥಿಯ ನಂತರವೂ ಸೈಟು ಮಾರಿದ ಕಡತಗಳು ಒಂದೆರಡಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಮಾಡಿಸುವ ಉಯಿಲುಗಳಲ್ಲಿ ‘ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸುತ್ತೇನೆ’ ಎಂಬ ಸಾಲು ಸಿದ್ಧ ಮಾದರಿಯಲ್ಲೇ ಇರುತ್ತದೆ. ಮೈಸೂರಿನ ಮನೆಗೆ ಮೊದಲೇ ಬರೆದಿಟ್ಟ ಉಯಿಲು ಆ ಸಾಲಿನಿಂದ ಅರಿವಿಲ್ಲದೆ ರದ್ದಾಗುತ್ತದೆ. ಎರಡು ದೇಶಗಳ ಆಸ್ತಿಗೆ ಎರಡು ಉಯಿಲು ಬರೆಯುವವರು ಒಂದರಲ್ಲಿ ಇನ್ನೊಂದನ್ನು ಉಳಿಸಿದ್ದೇನೆಂದು ಸ್ಪಷ್ಟವಾಗಿ ಬರೆಯಬೇಕು.

ಪಾಲುದಾವೆ ಹೇಗೆ ನಡೆಯುತ್ತದೆ? ರಾಜಿಗೆ ದಾರಿಯಿದೆಯೇ?

ಎಲ್ಲ ಪಾಲುದಾರರನ್ನೂ ಎಲ್ಲ ಆಸ್ತಿಗಳನ್ನೂ ದಾವೆಯಲ್ಲಿ ಸೇರಿಸಬೇಕು. ತಮ್ಮ ಸ್ವಾಧೀನದಲ್ಲಿರುವುದನ್ನು ಬಿಟ್ಟು ಅಣ್ಣನ ಬಳಿ ಇರುವುದನ್ನು ಮಾತ್ರ ಕೇಳಿದರೆ ದಾವೆ ಮುಗ್ಗರಿಸುತ್ತದೆ. ಜಂಟಿ ಸ್ವಾಧೀನವಿದ್ದರೆ ನ್ಯಾಯಾಲಯ ಶುಲ್ಕ ಅಲ್ಪ. ಹೊರಹಾಕಲ್ಪಟ್ಟವರು ತಮ್ಮ ಪಾಲಿನ ಬೆಲೆಯ ಮೇಲೆ ಕಟ್ಟಬೇಕು ಮತ್ತು ಹೊರಹಾಕಿದ್ದು ತಿಳಿದ ಹನ್ನೆರಡು ವರ್ಷದೊಳಗೆ ಬರಬೇಕು. ದಾವೆಯ ನಡುವೆ ಆಸ್ತಿ ಮಾರಿದರೆ ಕೊಂಡವರೂ ತೀರ್ಪಿಗೆ ಬದ್ಧರು.

ಮೊದಲ ಹಂತದಲ್ಲಿ ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದು ಹೇಳುತ್ತದೆ. ಎಲ್ಲಿ, ಯಾವ ದಿಕ್ಕಿಗೆ, ಯಾವ ಹದ್ದಿನೊಳಗೆ ಎಂಬುದು ಅಂತಿಮ ಡಿಕ್ರಿಯಲ್ಲಿ ಆಗಬೇಕು. ಮನೆಗೆ ನ್ಯಾಯಾಲಯ ನೇಮಿಸುವ ಕಮಿಷನರು, ಕಂದಾಯದ ಜಮೀನಿಗೆ ಜಿಲ್ಲಾಧಿಕಾರಿಗಳ ಮೂಲಕ ಸರ್ವೆ. ಪ್ರಾಥಮಿಕ ಡಿಕ್ರಿ ಪಡೆದು ಗೆದ್ದೆವೆಂದು ಮನೆಗೆ ಹೋದವರ ಕಡತಗಳು ವರ್ಷಗಟ್ಟಲೆ ಧೂಳು ತಿಂದದ್ದುಂಟು. ಅಂತಿಮ ಡಿಕ್ರಿಗೆ ಕಕ್ಷಿದಾರರು ಬೇರೆ ಅರ್ಜಿ ಹಾಕಲೆಂದು ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದುವರಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸೂಚಿಸಿದೆ.

ರಾಜಿಗೆ ಹೆಚ್ಚು ಒದಗಿಬರುವ ಪ್ರಕರಣಗಳು ಇವೇ. ಜಿಲ್ಲಾ ನ್ಯಾಯಾಲಯಗಳ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಆಡಿದ ಮಾತು ಗೌಪ್ಯ, ಅದನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಲೋಕ ಅದಾಲತ್‌ನ ಐತೀರ್ಪಿಗೆ ಮೇಲ್ಮನವಿ ಇಲ್ಲ, ಕಟ್ಟಿದ ಶುಲ್ಕವೂ ವಾಪಸಾಗುತ್ತದೆ. ನನ್ನ ಅನುಭವದಲ್ಲಿ ರಾಜಿ ಮುರಿಯುವುದು ಎಕರೆಗಳ ಮೇಲಲ್ಲ. ರಸ್ತೆಗೆ ತಾಗಿದ ಮುಖ ಯಾರಿಗೆ, ಬೋರ್‌ವೆಲ್ ಯಾರ ಪಾಲಿಗೆ, ದೇವರ ಮನೆ ಇರುವ ಅಂಕಣ ಯಾರದು ಎಂಬುದರ ಮೇಲೆ. ಇವನ್ನು ಮೊದಲ ದಿನವೇ ಮೇಜಿನ ಮೇಲಿಟ್ಟರೆ ಉಳಿದದ್ದು ಬೇಗ ಮುಗಿಯುತ್ತದೆ.

ಮುಸ್ಲಿಂ, ಕ್ರೈಸ್ತ ಮತ್ತು ಅಳಿಯಸಂತಾನ ಕುಟುಂಬಗಳಿಗೆ ಏನು ವ್ಯತ್ಯಾಸ?

ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಹಕ್ಕು ಎಂಬುದಿಲ್ಲ. ವಾರಸುದಾರಿಕೆ ಮರಣದ ನಂತರವೇ. ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು ಪಾಲು, ಮಗಳಿಗೆ ಮಗನ ಅರ್ಧದಷ್ಟು. ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರ ಮೂರನೆಯ ಒಂದಕ್ಕೆ ಮಾತ್ರ ಉಯಿಲು ಬರೆಯಬಹುದು. ತಂದೆಗಿಂತ ಮೊದಲು ತೀರಿಕೊಂಡ ಮಗನ ಮಕ್ಕಳಿಗೆ, ಇನ್ನೊಬ್ಬ ಮಗ ಬದುಕಿದ್ದರೆ, ಪಾಲು ಬರುವುದಿಲ್ಲವಾದ್ದರಿಂದ ಆ ಮೂರನೆಯ ಒಂದು ಭಾಗವನ್ನು ಅಂಥ ಮೊಮ್ಮಕ್ಕಳಿಗೆ ಬರೆಯುವ ಅಜ್ಜಂದಿರಿದ್ದಾರೆ. ಹಿಬಾ, ಅಂದರೆ ದಾನ, ಬಾಯಿಮಾತಿನಲ್ಲೂ ಆಗಬಹುದು, ಸ್ವಾಧೀನ ಬಿಟ್ಟುಕೊಟ್ಟಿರಬೇಕು.

ಕ್ರೈಸ್ತರಿಗೆ 1925ರ ಕಾಯ್ದೆ: ವಿಧವೆಗೆ ಮೂರನೆಯ ಒಂದು, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಿಂದ ರದ್ದಾಗುತ್ತದೆ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಕರಾವಳಿಯ ಅಳಿಯಸಂತಾನ ಕಟ್ಟಿನ ಮನೆತನಗಳಲ್ಲಿ ಕುಟುಂಬ ಮತ್ತು ಅದರ ಕವಲುಗಳಾದ ಕವರುಗಳ ಅವಿಭಕ್ತ ಪಾಲು 1956ರ ಕಾಯ್ದೆಯ 7ನೇ ಕಲಮಿನಂತೆ ಇಳಿಯುತ್ತದೆ. ಅಲ್ಲಿನ ಹಳೆಯ ವಿಭಾಗಪತ್ರಗಳನ್ನು ಆ ಕಟ್ಟು ಬಲ್ಲ ವಕೀಲರಿಗೇ ತೋರಿಸಬೇಕು.

ವಾರಸುದಾರಿಕೆಗೆ ತೆರಿಗೆ ಇದೆಯೇ?

ಇಲ್ಲ. ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ಬಂದ ಆಸ್ತಿಯನ್ನು ಮುಂದೆ ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುತ್ತದೆ.

ಇಂದೇ ಏನೇನು ಜೋಡಿಸಿಡಬೇಕು?

ಮೂಲ ಕ್ರಯಪತ್ರ, ಹಳೆಯ ವಿಭಾಗಪತ್ರ, ಋಣಭಾರ ಪ್ರಮಾಣಪತ್ರ, ಪಹಣಿ ಮತ್ತು ಮ್ಯುಟೇಷನ್ ಪ್ರತಿ, ನಗರದ ಆಸ್ತಿಗೆ ಇ-ಖಾತೆ, ವಂಶವೃಕ್ಷ. ಇವುಗಳ ಜೊತೆಗೆ ಈ ಕಾಲದಲ್ಲಿ ಒಂದು ಪಟ್ಟಿಯೂ ಬೇಕು: ಯಾವ ಬ್ಯಾಂಕು, ಯಾವ ಡಿಮ್ಯಾಟ್ ಖಾತೆ, ಯಾವ ಪಾಲಿಸಿ, ಲಾಕರಿನ ಕೀಲಿ ಎಲ್ಲಿ, ಕೊಟ್ಟ ಕೈಸಾಲ ಯಾರಿಂದ ಬರಬೇಕು, ತಂದ ಸಾಲ ಯಾರಿಗೆ ಕೊಡಬೇಕು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಅದನ್ನು ಉದ್ಗಮ್ ಜಾಲತಾಣದಲ್ಲಿ ಹುಡುಕಬಹುದು. ಏಳು ವರ್ಷ ಲಾಭಾಂಶ ಪಡೆಯದ ಷೇರುಗಳು ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಎರಡೂ ಕಡೆಯಿಂದ ವಾಪಸು ಪಡೆಯಬಹುದು, ಆದರೆ ಹಾಗೊಂದು ಖಾತೆ ಇತ್ತೆಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಪಟ್ಟಿಯನ್ನು ಉಯಿಲಿನೊಳಗೆ ಸೇರಿಸದೆ ಬೇರೆ ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಪ್ರತಿ ಯುಗಾದಿಗೆ ಒಮ್ಮೆ ತಿದ್ದಿ, ಉಯಿಲಿನ ಮೂಲಪ್ರತಿ ಯಾರ ಬಳಿ ಇದೆ ಎಂಬುದನ್ನು ಅದರ ಮೊದಲ ಸಾಲಿನಲ್ಲಿ ಬರೆಯಿರಿ.